ಆರು ಮೀಟರ್ ದೂರದ ಪಿಸುಮಾತು

ರಾಯಾಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಒಂದು ಹಿಡಿ ಹತ್ತಿಯಿಂದ.

1977ರ ಅಕ್ಟೋಬರ್ ತಿಂಗಳು. ನಾನಾಗ ಮಾಸ್ಕೋದ ಹೊರವಲಯದ ಒಂದು ವಿಮಾನ ನಿಲ್ದಾಣದ ವೈದ್ಯಕೀಯ ಕೋಣೆಯಲ್ಲಿ ದಾದಿ. ಹಾರುವವರು ಯಾರೇ ಆಗಲಿ, ಚಾಲಕರಿರಲಿ ಗಗನಸಖಿಯರಿರಲಿ, ವರ್ಷಕ್ಕೊಂದು ಸಲ ನಮ್ಮ ಮುಂದೆ ಹಾದುಹೋಗಲೇಬೇಕು. ವಿಮಾನ ಬದಲಾದರೆ ಇನ್ನೊಂದು ಸಲ. ಕಣ್ಣು, ಎದೆ, ರಕ್ತದೊತ್ತಡ ಎಲ್ಲ ಆದ ಮೇಲೆ ಕೊನೆಗೆ ಕಿವಿ. ನೆಲದ ಮೇಲೆ ಒಂದು ಬಿಳಿ ಗೆರೆ ಬಳಿದಿತ್ತು. ಅದರ ಮೇಲೆ ಡಾಕ್ಟರಿಗೆ ಪಕ್ಕ ಮಾಡಿ ನಿಲ್ಲಬೇಕು, ಆಚೆ ಕಿವಿಗೆ ಬೆರಳು ಒತ್ತಿ ಹಿಡಿಯಬೇಕು. ಡಾಕ್ಟರು ಆರು ಮೀಟರ್ ದೂರದಿಂದ ಅಂಕಿಗಳನ್ನು ಪಿಸುಗುಡುತ್ತಾರೆ. ಕೇಳಿದ್ದನ್ನು ತಿರುಗಿ ಹೇಳಬೇಕು. ಹೇಳಿದರೆ ಆಕಾಶ, ಹೇಳದಿದ್ದರೆ ನೆಲ.

ನಮ್ಮ ಡಾಕ್ಟರು ವೆನಿಯಾಮಿನ್ ಲ್ವೋವಿಚ್ ಯುದ್ಧದಲ್ಲಿ ಫಿರಂಗಿ ಪಡೆಯಲ್ಲಿದ್ದವರು. ತಮ್ಮ ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಅವರ ಎಡಕ್ಕೆ ನಿಂತು ಸಂಬಳ ಕೇಳಿದರೂ ಅಷ್ಟೇ, ಬೈದರೂ ಅಷ್ಟೇ. ಅಂಥವರು ಊರವರ ಕಿವಿ ಪರೀಕ್ಷೆ ಮಾಡುತ್ತಾರಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಅವತ್ತು ಗೆರೆಯ ಮೇಲೆ ನಿಂತವಳು ರೈಸಾ ಶೂಬಿನಾ. ಎಲ್ಲರಿಗೂ ರಾಯಾ. ಮೂವತ್ತೊಂದು ವರ್ಷದ, ಸಣ್ಣ ಮೂಗಿನ, ಬೆನ್ನು ನೇರ ಮಾಡಿ ನಡೆಯುವ ಗಗನಸಖಿ. ಅವಳನ್ನು ಹೊಸ ವಿಮಾನಕ್ಕೆ ಆರಿಸಿದ್ದರು. ಹೊಸ ವಿಮಾನವೆಂದರೆ ಶಬ್ದಕ್ಕಿಂತ ಎರಡು ಪಾಲು ವೇಗವಾಗಿ ಹಾರುವ ನಮ್ಮ ತೂಪೊಲೆವ್. ನಾವು ಅದನ್ನು ಬರೀ 'ನೂರನಲವತ್ತನಾಲ್ಕು' ಎಂದು ಕರೆಯುತ್ತಿದ್ದೆವು. ಆಗಲೇ ಎರಡು ವರ್ಷದಿಂದ ಅಂಚೆ ಚೀಲ ಹೊತ್ತು ಅಲ್ಮಾ-ಅತಾಗೆ ಹೋಗಿಬರುತ್ತಿತ್ತು. ನವೆಂಬರಿನಿಂದ ಜನರನ್ನೂ ಒಯ್ಯುತ್ತದೆ ಎಂದು ಸುದ್ದಿ. ಇಡೀ ನಿಲ್ದಾಣವೇ ಮದುವೆ ಮನೆಯಾಗಿತ್ತು.

"ಇಪ್ಪತ್ತಮೂರು" ಎಂದು ಡಾಕ್ಟರು ಪಿಸುಗುಟ್ಟಿದರು.

"ಇಪ್ಪತ್ತಮೂರು" ಎಂದಳು ರಾಯಾ.

ನಾನು ಹತ್ತಿ ತೆಗೆದುಕೊಳ್ಳಲು ಮೂಲೆಯಲ್ಲಿದ್ದ ಗಾಜಿನ ಬೀರುವಿನ ಬಾಗಿಲು ತೆಗೆದೆ.

"ನಲವತ್ತೆಂಟು."

ರಾಯಾ ಸುಮ್ಮನಿದ್ದಳು. ಡಾಕ್ಟರು ಮತ್ತೆ ಪಿಸುಗುಟ್ಟಿದರು. ಸದ್ದಿಲ್ಲ. ನಾನು ಹತ್ತಿ ತೆಗೆದುಕೊಂಡು ಬಾಗಿಲು ಹಾಕಿದೆ. ಅವರು ಮೂರನೆಯ ಸಲ ಹೇಳಿದ ತಕ್ಷಣ ಅವಳು "ನಲವತ್ತೆಂಟು" ಎಂದಳು.

ನಾನು ಅನುಮಾನದ ಹೆಂಗಸು. ಅಂಗಡಿಯಲ್ಲಿ ಬ್ರೆಡ್ ಕೊಂಡರೂ ಅದರ ಹೊಟ್ಟೆ ಒತ್ತಿ ನೋಡುವವಳು. ಅಯೋಡಿನ್ ಬೇಕೆನ್ನುವ ನೆಪದಲ್ಲಿ ಮತ್ತೆ ಬಾಗಿಲು ತೆಗೆದೆ. ರಾಯಾ ಮೂಗಿಯಾದಳು. ಹಾಕಿದೆ. ಬಾಯಿ ಬಂತು. ಆ ಬೀರು ಗೋಡೆಗೆ ಓರೆಯಾಗಿ ನಿಂತಿತ್ತು. ಅದರ ಗಾಜಿನಲ್ಲಿ ಡಾಕ್ಟರ ಮುಖ ಕಾಣುತ್ತಿತ್ತು. ಇನ್ನೊಂದು ಕಿವಿಗೆಂದು ಅವಳು ತಿರುಗಿ ನಿಂತಾಗ ಎದುರಿಗೆ ಕೈತೊಳೆಯುವ ಬೇಸಿನ್, ಅದರ ಮೇಲೊಂದು ಕನ್ನಡಿ. ಇವಳು ಕೇಳುತ್ತಿಲ್ಲ, ಓದುತ್ತಿದ್ದಾಳೆ!

"ಕ್ಲಾವಾ, ಆ ಬಾಗಿಲನ್ನ ಸುಮ್ನೆ ಬಿಡಮ್ಮ, ಸದ್ದಾಗುತ್ತೆ" ಎಂದರು ಡಾಕ್ಟರು. ನನಗೆ ನಾಚಿಕೆಯಾಯಿತು. ಅವರು ರಾಯಾಳ ಕಾಗದದ ಮೇಲೆ ಎರಡೂ ಕಿವಿಗೆ 'ಆರು ಮೀಟರ್' ಎಂದು ಬರೆದು ಸಹಿ ಹಾಕಿದರು.

ಕೋಟು ತೂಗುಹಾಕುವ ಕೋಣೆಯಲ್ಲಿ ಅವಳು ಬೂಟು ಹಾಕಿಕೊಳ್ಳುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಮೆಲ್ಲಗೆ "ರಾಯಾ" ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ, ತಿರುಗಿದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು.

"ಬೀರು ಬಾಗಿಲು ನೀವು ಬೇಕಂತಲೇ ತೆಗೆದ್ರಾ, ಕ್ಲಾವಕ್ಕ?"

"ಎರಡನೇ ಸಲ ಬೇಕಂತಲೇ. ಎಷ್ಟು ವರ್ಷದಿಂದ ನಡೀತಿದೆ ಈ ನಾಟಕ?"

"ಎರಡು ವರ್ಷ. ಮೊದಲು ಸ್ವಲ್ಪ ಸ್ವಲ್ಪ ಕೇಳಿಸ್ತಿತ್ತು."

ಅವಳು ಇವಾನೊವೊ ಕಡೆಯ ನೇಯ್ಗೆ ಊರಿನವಳು. ತಾಯಿ ನೇಕಾರಳು, ಅಜ್ಜಿಯೂ ಅಷ್ಟೇ. ಹದಿನಾರಕ್ಕೆ ಅವಳೂ ಮಗ್ಗದ ಮುಂದೆ ನಿಂತಳು. ಐದು ವರ್ಷ. ಒಂದೇ ಸೂರಿನ ಕೆಳಗೆ ಐನೂರು ಮಗ್ಗ ಕುಟ್ಟುವ ಜಾಗದಲ್ಲಿ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿನ ಹೆಂಗಸರು ದನಿಯೇ ಇಲ್ಲದೆ ತುಟಿ ಆಡಿಸಿ ಮಾತಾಡುತ್ತಾರೆ. ಮಗಳ ಹೆರಿಗೆ, ಗಂಡನ ಕುಡಿತ, ಮಾರುಕಟ್ಟೆಗೆ ಬಂದ ಮೀನು, ಎಲ್ಲವೂ ಇಪ್ಪತ್ತು ಹೆಜ್ಜೆ ದೂರಕ್ಕೆ ಹಾಗೇ ದಾಟುತ್ತದೆ. ರಾಯಾಗೆ ಆ ವಿದ್ಯೆ ಬಂತು, ಅದೇ ಮಗ್ಗಗಳು ಅವಳ ಕಿವಿಯನ್ನು ಇಟ್ಟುಕೊಂಡವು.

"ನಾನು ಇದನ್ನ ಡಾಕ್ಟರಿಗೆ ಹೇಳಲೇಬೇಕಾಗುತ್ತೆ" ಎಂದೆ. "ನಾಳೆ ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಕ್ಯಾಪ್ಟನ್ ಕೂಗಿದ್ರೆ?"

"ಆ ವಿಮಾನದಲ್ಲಿ ಕ್ಯಾಪ್ಟನ್ ಅಲ್ಲ, ಅವರಪ್ಪ ಕೂಗಿದ್ರೂ ಯಾರಿಗೂ ಕೇಳಿಸಲ್ಲ. ನೀವು ಅದರೊಳಗೆ ಹೋಗಿಲ್ಲ. ನಮ್ಮ ಮಿಲ್ಲಿಗಿಂತ ಗಲಾಟೆ. ಅಲ್ಲಿ ಎಲ್ರೂ ಕಿವುಡ್ರೇ ಕ್ಲಾವಕ್ಕ, ನಾನೊಬ್ಬಳೇ ಅಲ್ಲ. ಅದೊಂದು ವಿಮಾನ ನನಗೆ ಬಿಟ್ಬಿಡಿ."

"ಬಿಟ್ಬಿಡಿ ಅಂದ್ರೆ? ನಾನೇನು ಬಟಾಣಿ ಮಾರ್ತಿದ್ದೀನಾ?"

"ಒಂದ್ಸಲ ಬಂದು ನೋಡಿ. ಆಮೇಲೆ ಹೇಳೋದಿದ್ರೆ ಹೇಳಿ, ನಾನೇ ನಿಮ್ಮ ಜೊತೆ ಡಾಕ್ಟ್ರ ಹತ್ರ ಬರ್ತೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಅವತ್ತೇ ಹೋಗಿ ಹೇಳುತ್ತಿದ್ದೆ, ಕಣ್ಣೀರು ನನಗೆ ಆಗದು. ಅವಳು ಬೂಟಿನ ಜಿಪ್ ಎಳೆಯುತ್ತ ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ನಾಲ್ಕು ತಿಂಗಳು ಹೊಟ್ಟೆಯಲ್ಲಿ ಕಲ್ಲಿಟ್ಟುಕೊಂಡು ಓಡಾಡಿದೆ. ವಾರಕ್ಕೊಮ್ಮೆ ಆ ಉದ್ದ ಕತ್ತಿನ ವಿಮಾನ ಮೂಗು ಬಾಗಿಸಿಕೊಂಡು ಇಳಿಯುವವರೆಗೂ ನನ್ನ ಚಹಾ ಆರುತ್ತಿತ್ತು.

ಫೆಬ್ರವರಿಯಲ್ಲಿ ಟಿಕೆಟ್ ತೆಗೆದುಕೊಂಡೆ. ನನ್ನ ತಂಗಿ ಲೀದಾ ಅಲ್ಮಾ-ಅತಾದಲ್ಲಿ ಶಾಲಾ ಮಾಸ್ತರಿಣಿ, ಹಾಗಾಗಿ ನೆಪಕ್ಕೆ ಕೊರತೆಯಿರಲಿಲ್ಲ. ಬೆಳಗಿನ ವಿಮಾನ. ಏರುವಾಗ ಬೆನ್ನನ್ನು ಯಾರೋ ಕುರ್ಚಿಗೆ ಒತ್ತಿ ಹಿಡಿದಂತಾಯಿತು. ಆಮೇಲೆ ಶುರುವಾಯಿತು ಗಲಾಟೆ. ಅದನ್ನು ಹೇಗೆ ಹೇಳಲಿ? ಗಾಳಿ ತಂಪು ಮಾಡುವ ಯಂತ್ರವೋ ಎಂಜಿನ್ನೋ ಅಂತೂ ತಲೆಯೊಳಗೇ ಹಿಟ್ಟಿನ ಗಿರಣಿ ಕೂರಿಸಿದ ಹಾಗೆ. ಶಬ್ದವನ್ನು ಹಿಂದೆ ಹಾಕಿ ಓಡುತ್ತೇವೆ ಎಂದು ಪತ್ರಿಕೆಗಳು ಬರೆದದ್ದೇ ಬರೆದದ್ದು. ನಾವು ಅದನ್ನು ಒಳಗೇ ಕೂರಿಸಿಕೊಂಡು ಹೊರಟಿದ್ದೆವು!

ಜನರ ಕೈಯಲ್ಲಿ ಚೀಟಿ, ಪೆನ್ಸಿಲ್. ಪಕ್ಕದಲ್ಲೇ ಕೂತ ಗಂಡ ಹೆಂಡತಿ ಪರಸ್ಪರ ಪತ್ರ ಬರೆದುಕೊಳ್ಳುತ್ತಿದ್ದರು. ನನ್ನ ಪಕ್ಕದ ಮುದುಕ, ಕುರಿ ಚರ್ಮದ ಟೋಪಿಯ ಕಜಾಕ್, 'ನಾವು ಈಗ ಎಲ್ಲಿದ್ದೇವೆ?' ಎಂದು ಬರೆದು ನನಗೆ ತೋರಿಸಿದ. 'ನನಗೇನು ಗೊತ್ತು' ಎಂದು ಕೆಳಗೆ ಬರೆದೆ. ಅವನು ತಲೆದೂಗಿ ಚೀಟಿಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ. ಉಳಿದ ಗಗನಸಖಿಯರು ಒಬ್ಬೊಬ್ಬರ ಬಾಯಿಗೂ ಕಿವಿ ಹಚ್ಚಿ, ಅರಚಿ, ಸುಸ್ತಾಗಿದ್ದರು. ರಾಯಾ ಮಾತ್ರ ಬೆನ್ನು ನೇರ ಮಾಡಿ ನಡುದಾರಿಯಲ್ಲಿ ನಿಂತು ಸುತ್ತ ನೋಡುತ್ತಿದ್ದಳು. ಹನ್ನೆರಡನೇ ಸಾಲಿನವನ ತುಟಿ ಅಲುಗಿದರೆ ಅವನಿಗೆ ನಿಂಬೆ ನೀರು ಹೋಗುತ್ತಿತ್ತು. ಒಬ್ಬ ಹೆಂಗಸು ತನ್ನಷ್ಟಕ್ಕೆ ಚಳಿ ಎಂದುಕೊಂಡಳು, ಮರುನಿಮಿಷ ಅವಳ ಮಡಿಲಲ್ಲಿ ಕಂಬಳಿ. ಇಬ್ಬರು ದಪ್ಪ ಅಧಿಕಾರಿಗಳು ಕೋಳಿ ಮಾಂಸವನ್ನು ತೋರಿಸಿ ಏನೋ ಬೈದುಕೊಂಡು ನಗುತ್ತಿದ್ದರು. ರಾಯಾ ಹೋಗಿ ಒಂದು ಚೀಟಿ ಇಟ್ಟು ಬಂದಳು. ಓದಿದವರ ಮುಖ ಬೀಟ್‌ರೂಟ್ ಆಯಿತು. 'ಕೋಳಿ ನಿಮ್ಮ ಮಾವನಷ್ಟು ಹಳೆಯದಲ್ಲ, ಇವತ್ತು ಬೆಳಿಗ್ಗೆಯದು' ಎಂದು ಬರೆದಿದ್ದಳಂತೆ.

ಅವಳು ಅಲ್ಲಿ ರಾಣಿಯ ಹಾಗಿದ್ದಳು. ಇದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ.

ಅಷ್ಟರಲ್ಲಿ ವಿಮಾನ ಒಮ್ಮೆ ಗಡಗಡ ನಡುಗಿತು. ದೊಡ್ಡದೇನಲ್ಲ ಎಂದು ಆಮೇಲೆ ಹೇಳಿದರು. ನನಗೆ ಮಾತ್ರ ಜೀವ ಬಾಯಿಗೆ ಬಂತು. ಆ ಕಾಲದಲ್ಲಿ ಸರ್ಕಾರಿ ನೌಕರರು ದೇವರ ಹೆಸರನ್ನು ದೊಡ್ಡದಾಗಿ ಹೇಳುವಂತಿರಲಿಲ್ಲ. ಇಲ್ಲಿ ಕೇಳುವವರು ಯಾರು ಎಂದು ನಾನು ಕಣ್ಣು ಮೇಲೆ ಮಾಡಿ ಕೈ ಜೋಡಿಸಿ ಗಟ್ಟಿಯಾಗಿಯೇ ಬೇಡಿಕೊಂಡೆ: "ಸಂತ ನಿಕೊಲಾಯ್, ನನ್ನ ತಂದೆ, ನನ್ನನ್ನ ನೆಲ ಮುಟ್ಟಿಸಪ್ಪ. ರಾಯಾ ವಿಷಯ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಸಾಯೋವರೆಗೂ ಬಿಡಲ್ಲ."

ಚಹಾ ಬಂತು. ತಟ್ಟೆಯಲ್ಲಿ ಸಕ್ಕರೆ ತುಂಡಿನ ಕೆಳಗೆ ಒಂದು ಚೀಟಿ. 'ನಿಕೊಲಾಯ್ ಸಾಕ್ಷಿ. ಇನ್ನು ಮಾತು ತಪ್ಪಬಾರದು, ಕ್ಲಾವಕ್ಕ.'

ತಲೆ ಎತ್ತಿದರೆ ಐದು ಸಾಲು ಆಚೆ ನಿಂತು ನಗುತ್ತಿದ್ದಾಳೆ ಪಾಪಿ! ನನಗೆ ಎಷ್ಟು ಸಿಟ್ಟು ಬಂತೆಂದರೆ ಭಯವೇ ಹೋಯಿತು. ನೆಲ ಮುಟ್ಟಿದ ಮೇಲೆ ಲೀದಾ ತಂದ ಸೇಬು ತಿನ್ನುತ್ತ ನಾನೂ ನಕ್ಕೆ. ಮಾತು ಕೊಟ್ಟಾಗಿತ್ತು, ಕೊಟ್ಟದ್ದು ಸರಿಯೆಂದೂ ಕಂಡಿತ್ತು. ಆ ಗದ್ದಲದೊಳಗೆ ಅವಳಿಗಿಂತ ಚೆನ್ನಾಗಿ ಕೇಳುವವರು ಇನ್ನೊಬ್ಬರಿರಲಿಲ್ಲ. ಕಲ್ಲು ಹೊಟ್ಟೆಯಿಂದ ಇಳಿಯಿತು.

ಆದರೆ ನೂರನಲವತ್ತನಾಲ್ಕರ ಭಾಗ್ಯ ಅಷ್ಟೇ ಇತ್ತು. ಅದು ಇಂಧನವನ್ನು ಬರಗಾಲದ ನೆಲ ನೀರು ಕುಡಿದಂತೆ ಕುಡಿಯುತ್ತಿತ್ತು. ಅರ್ಧ ಸೀಟು ಖಾಲಿ. ಮೇ ತಿಂಗಳಲ್ಲಿ ಅದೇ ಜಾತಿಯ ಇನ್ನೊಂದು ವಿಮಾನ ಪರೀಕ್ಷೆಯ ಹಾರಾಟದಲ್ಲಿ ಹೊತ್ತಿ ಬಿತ್ತು, ಇಬ್ಬರು ಸತ್ತರು. ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ, ನಮ್ಮ ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರೂ ಚಮಚೆಯನ್ನು ಸದ್ದಿಲ್ಲದೆ ಇಡುತ್ತಿದ್ದರು. ಜೂನ್ ಒಂದನೇ ತಾರೀಖು ಕೊನೆಯ ಸಲ ಜನರನ್ನು ಕೂರಿಸಿಕೊಂಡು ಹೋಗಿ ಬಂತು. ಹೋದದ್ದೂ ಬಂದದ್ದೂ ಸೇರಿ ಐವತ್ತೈದು ಹಾರಾಟ, ಅಷ್ಟೇ. ಏಳು ತಿಂಗಳು. 'ತಾತ್ಕಾಲಿಕವಾಗಿ' ಎಂದು ಹಲಗೆಯ ಮೇಲೆ ಬರೆದರು. ನಮ್ಮ ದೇಶದಲ್ಲಿ ಆ ಪದದ ಅರ್ಥ ಎಲ್ಲರಿಗೂ ಗೊತ್ತು.

ಅದರ ಸಿಬ್ಬಂದಿಯನ್ನು ಮಾಮೂಲಿ ವಿಮಾನಗಳಿಗೆ ಹಂಚಿದರು. ರಾಯಾ ಮೂರು ವಾರ ಹಾಗೆ ಹಾರಿದಳು. ಅಷ್ಟರಲ್ಲಿ ಹೊಸ ಪರೀಕ್ಷೆಯ ದಿನ ಬಂತು.

ಈಗ ನನ್ನ ಪಾಡು ನೋಡಿ. ಮಾಮೂಲಿ ವಿಮಾನದಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಉಸಿರು ಕಟ್ಟಿ 'ಅಮ್ಮಾ' ಎಂದರೆ ಉಳಿದವರು ತಿರುಗುತ್ತಾರೆ, ಇವಳು ತಿರುಗುವುದಿಲ್ಲ. ನಾನು ಕೊಟ್ಟ ಮಾತು ಆ ಗದ್ದಲದ ವಿಮಾನಕ್ಕೋ, ರಾಯಾಗೋ? ಪರೀಕ್ಷೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀರುವಿನ ಮುಂದೆ ನಿಂತೆ. ಬಾಯಿ ಬಿಡುವುದಿಲ್ಲ ಎಂದು ತಾನೇ ಹೇಳಿದ್ದು? ಬೀರುವಿನ ಬಾಗಿಲು ತೆರೆದಿಟ್ಟರೆ ಬಾಯಿ ಬಿಟ್ಟಂತಾಗುವುದಿಲ್ಲ. ತೆರೆದೆ. ಹಾಗೇ ಬಿಟ್ಟು ಸೂಜಿಗಳನ್ನು ಕುದಿಸಲು ಇಟ್ಟೆ. ನೀರು ಕುದಿಯುವಷ್ಟರಲ್ಲಿ ನನಗೇ ನನ್ನ ಮೇಲೆ ಅಸಹ್ಯವಾಯಿತು. ಮಾಡುವುದಿದ್ದರೆ ಎದುರಿಗೆ ನಿಂತು ಮಾಡಬೇಕು, ಬಾಗಿಲ ಹಿಂದೆ ಅಡಗಿ ಅಲ್ಲ. ಬಾಗಿಲು ಹಾಕಿದೆ. ಸ್ಪಿರಿಟ್ ತೆಗೆದುಕೊಂಡು ಗಾಜನ್ನು ಫಳಫಳ ಒರೆಸಿದೆ. ಕನ್ನಡಿಯನ್ನೂ ಒರೆಸಿದೆ. ಆಮೇಲೆ ಅವಳ ಜೊತೆ ಕೂತು ಮಾತಾಡಿದರಾಯಿತು, ಮೊದಲು ಅವಳು ಈ ಗೆರೆ ದಾಟಲಿ ಎಂದುಕೊಂಡೆ. ತಪ್ಪೋ ಸರಿಯೋ, ಅದು ನಾನು ಮಾಡಿದ್ದು.

ರಾಯಾ ಹತ್ತು ಗಂಟೆಗೆ ಬಂದಳು. ಗೆರೆಯ ಮೇಲೆ ನಿಂತು ಎಡಗಿವಿಗೆ ಬೆರಳಿಟ್ಟಳು. ಬೀರುವನ್ನು ನೋಡಿದಳು. ಗಾಜು ಅಷ್ಟು ಸ್ವಚ್ಛವಾಗಿದ್ದದ್ದು ಅವಳಿಗೆ ಕಂಡಿತು, ಯಾಕೆಂದರೆ ನನ್ನ ಕಡೆ ತಿರುಗಿ ಸ್ವಲ್ಪ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು.

ನಾನು ಎದ್ದು ನಿಂತೆ. ಏನು ಮಾಡುವುದು, ಕೂಗುವುದೇ? ಕೂಗಿದರೆ ಡಾಕ್ಟರಿಗೆ ಗುಟ್ಟು ಗೊತ್ತಾಗುತ್ತದೆ.

"ಅರವತ್ತಾರು" ಎಂದು ಪಿಸುಗುಟ್ಟಿದರು ಡಾಕ್ಟರು.

ರಾಯಾ ಸುಮ್ಮನೆ ನಿಂತಿದ್ದಳು. ರೆಪ್ಪೆ ಅದುರುತ್ತಿತ್ತು. ಡಾಕ್ಟರು ಇನ್ನೊಮ್ಮೆ ಅರವತ್ತಾರು ಎಂದರು. ಆಮೇಲೆ ಬೀರುವಿನ ಗಾಜಿನಲ್ಲಿ ಅವಳ ಮುಖವನ್ನು ನೋಡಿದರು. ನೋಡುತ್ತಲೇ ಇದ್ದರು. ನಾನು ಅವರ ಬಲಕ್ಕೆ ಎರಡು ಹೆಜ್ಜೆ ದೂರದಲ್ಲಿದ್ದೆ. ಅವರ ಮುಂದಿನ ಪಿಸುಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ಅಂಕಿಯಾಗಿರಲಿಲ್ಲ.

"ರಾಯಾ, ಕಣ್ಣು ತೆರಿ."

ಅವಳು ಅಂಕಿಗಾಗಿ ಕಾಯುತ್ತಿದ್ದಳು.

"ಕಣ್ಣು ತೆರಿ, ಮಗಳೇ" ಎಂದರು ಅವರು ಮತ್ತೆ. ಮೂರನೆಯ ಸಲ ಹೇಳುವಾಗ ಅವರ ಪಿಸುಮಾತೂ ಒಡೆದುಹೋಯಿತು.

ಆಗ ನೆನಪಾಯಿತು ನನಗೆ. ರಾಯಾಳ ನಾಟಕ ಶುರುವಾದ ವರ್ಷವೇ ಕಿಟಕಿಯ ಬೆಳಕಿಗೆ ಅಡ್ಡ ಬರುತ್ತದೆ ಎಂದು ಆ ಬೀರುವನ್ನು ಓರೆ ಮಾಡಿಸಿದ್ದು ಇವರೇ. ಪರೀಕ್ಷೆಯ ವೇಳೆ ಬಾಗಿಲು ಮುಟ್ಟಬೇಡ ಎಂದದ್ದೂ ಇವರೇ. ನನ್ನಂಥ ಅನುಮಾನದ ಹೆಂಗಸಿಗೆ ಇವರ ಮೇಲೆ ಅನುಮಾನ ಬಂದಿರಲಿಲ್ಲ.

ಡಾಕ್ಟರು ಆರು ಮೀಟರ್ ನಡೆದು ಹೋಗಿ ಅವಳ ಭುಜ ಮುಟ್ಟಿದರು. ಪರೀಕ್ಷೆಯ ನಡುವೆ ಅವರು ಜಾಗ ಬಿಟ್ಟು ಕದಲಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅವಳು ಕಣ್ಣು ತೆರೆದು, "ಏನೂ ಕೇಳಿಸಲಿಲ್ಲ ಡಾಕ್ಟ್ರೇ. ಬರ್ಕೊಳ್ಳಿ" ಎಂದಳು. ಅವರು ಬರೆದರು. ಪೆನ್ನಿನಲ್ಲಿ ಶಾಯಿಯಿಲ್ಲವೆಂದು ಎರಡು ಸಲ ಕೊಡವಿದರು, ಶಾಯಿ ಇತ್ತು.

ಹೊರಗೆ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟು ಬೈದೆ. "ತಲೆ ಕೆಟ್ಟಿದೆಯೇನೇ ನಿನಗೆ? ಮುಂಜಾನೆ ಎದ್ದು ಗಾಜು ತಿಕ್ಕಿದ್ದು ಯಾರಿಗೋಸ್ಕರ?"

"ನೋಡಿದೆ. ಅದಕ್ಕೇ ಕಣ್ಣು ಮುಚ್ಚೋದು ಇನ್ನೂ ಕಷ್ಟ ಆಯ್ತು" ಎಂದಳು.

"ಮತ್ತೆ ಯಾಕೆ?"

ಹೋದ ವಾರದ ವಿಮಾನದಲ್ಲಿ ಒಬ್ಬ ಅಜ್ಜಿಯಿದ್ದಳಂತೆ, ಮೊದಲ ಸಲ ವಿಮಾನ ಹತ್ತಿದವಳು. ರಾಯಾ ಅವಳ ಪಕ್ಕದಲ್ಲೇ ನಾಲ್ಕು ಸಲ ಹಾದುಹೋಗಿದ್ದಳು. ಐದನೇ ಸಲ ಎದುರಿನಿಂದ ಬರುವಾಗ ಆ ಅಜ್ಜಿ ಪಕ್ಕದವಳಿಗೆ ಹೇಳುತ್ತಿದ್ದದ್ದು ಕಂಡಿತು: "ನೀರು ನೀರು ಅಂತ ಎಷ್ಟು ಸಲ ಕರೆದೆ ತಾಯಿ, ತಿರುಗಿಯೂ ನೋಡಲಿಲ್ಲ. ಚಂದ ಇದ್ದಾಳಲ್ಲ, ಸೊಕ್ಕು."

"ನಾನು ನೀರು ಕೊಟ್ಟೆ, ಕ್ಲಾವಕ್ಕ. ಅವಳು ನನಗೆ ಕೈ ಮುಗಿದಳು. ಹೆದರಿ ಮುಗಿದಳು. ಕಿವುಡಿ ಅನ್ನಲಿ, ಬೇಜಾರಿಲ್ಲ. ಆದ್ರೆ ಅಜ್ಜಿ ಬಾಯಾರಿ ಕೂತಿದ್ದಾಗ ನಾನು ಬೆನ್ನು ನೇರ ಮಾಡ್ಕೊಂಡು ಓಡಾಡ್ತಿದ್ದೆ." ಅವಳು ಅಳುತ್ತಿದ್ದಳು. ಕಣ್ಣೀರು ನನಗೆ ಆಗದು ಎಂದೆನಲ್ಲ, ಅವತ್ತು ಆಯಿತು.

ಡಾಕ್ಟರು ಪಿಸುಗುಟ್ಟಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೊಮ್ಮೆ ಪರೀಕ್ಷೆ ಕೇಳುವ ಆಸೆ ಹುಟ್ಟೀತು ಎಂದು ಹೆದರಿದೆ. ಡಾಕ್ಟರೂ ಆ ಮಾತೆತ್ತಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡರು. ಬೀರುವನ್ನು ಹೊಸ ಡಾಕ್ಟರು ಗೋಡೆಗೆ ನೇರ ಮಾಡಿಸಿದರು.

ರಾಯಾ ತನ್ನೂರಿಗೆ ಹೋಗಿ ಮತ್ತೆ ಮಗ್ಗದ ಮುಂದೆ ನಿಂತಳು. ಇಪ್ಪತ್ತೆರಡು ವರ್ಷ ನೇಯ್ದಳು, ಹೊಸ ಹುಡುಗಿಯರಿಗೆ ಕೆಲಸ ಕಲಿಸಿದಳು, ಐವತ್ತರ ಹತ್ತಿರ ಒಬ್ಬ ವಿಧುರ ಮೇಸ್ತ್ರಿಯನ್ನು ಮದುವೆಯಾದಳು. ನಾನು ವರ್ಷಕ್ಕೊಮ್ಮೆ ಹೋಗಿ ವಾರವಿದ್ದು ಬರುತ್ತೇನೆ. ಅವಳ ಅಡುಗೆಮನೆಯಲ್ಲಿ ಉಪ್ಪಿನ ಸೌತೆಕಾಯಿ ಕತ್ತರಿಸುತ್ತ ಅವಳಿಂದ ತುಟಿ ಮಾತು ಕಲಿತೆ. ಒಳ್ಳೆಯದೇ ಆಯಿತು, ಈಗ ನನ್ನ ಕಿವಿಯೂ ನಿವೃತ್ತಿಯ ಅರ್ಜಿ ಕೊಟ್ಟಿದೆ.

2003ರ ಶರತ್ಕಾಲದಲ್ಲಿ ಹೋದಾಗ ಟೀವಿಯಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ಇಂಗ್ಲಿಷರ ವಿಮಾನವನ್ನು ತೋರಿಸುತ್ತಿದ್ದರು. ನಮ್ಮದು ಏಳು ತಿಂಗಳು ಬದುಕಿತು, ಅವರದು ಇಪ್ಪತ್ತೇಳು ವರ್ಷ. ಈಗ ಅದೂ ಮುಗಿಯಿತು, ಇನ್ನು ಲೋಕದಲ್ಲಿ ಯಾರೂ ಹಾಗೆ ಹಾರುವುದಿಲ್ಲ ಎಂದಿತು ವಾರ್ತೆ ಓದುವವಳ ತುಟಿ. ಟೀವಿಯ ದನಿ ಪೂರ್ತಿ ಇಳಿಸಿತ್ತು, ಆ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ರನ್‌ವೇ ಪಕ್ಕದ ಬೇಲಿಗೆ ಆತು ನಿಂತ ಜನ ಅಳುತ್ತಿದ್ದರು.

"ಏನು ಹೇಳ್ತಿದ್ದಾರೆ?" ಎಂದೆ.

"ಅವರ ಭಾಷೆ ನನಗೆ ಬರಲ್ಲ" ಎಂದಳು ರಾಯಾ. ಆದರೂ ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಇನ್ನು ಯಾವ ವಿಮಾನವೂ ಉಳಿದಿರಲಿಲ್ಲ, ಯಾವ ಪರೀಕ್ಷೆಯೂ ಇರಲಿಲ್ಲ. ಇನ್ನು ಹೇಳಬಹುದು ಅನ್ನಿಸಿತು. ಅವಳ ಮೊಣಕೈ ಮುಟ್ಟಿ ನನ್ನ ಕಡೆ ತಿರುಗಿಸಿಕೊಂಡೆ. ಅವತ್ತು ನೀನು ಕಣ್ಣು ಮುಚ್ಚಿ ನಿಂತಾಗ ಡಾಕ್ಟರು ಹೇಳಿದ್ದು ಅರವತ್ತಾರು ಮಾತ್ರ ಅಲ್ಲ ಎಂದೆ. ಆಮೇಲೆ ದನಿಯಿಲ್ಲದೆ, ಮಗ್ಗದ ಹೆಂಗಸರ ಹಾಗೆ ಬರೀ ತುಟಿಯಲ್ಲಿ, ಅವರು ಹೇಳಿದಷ್ಟೇ ಹೇಳಿದೆ. ರಾಯಾ, ಕಣ್ಣು ತೆರಿ. ಕಣ್ಣು ತೆರಿ, ಮಗಳೇ.

ಅವಳ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಟೀವಿಯಲ್ಲಿ ಆಗಲೇ ಹವಾಮಾನ ಬಂದಿತ್ತು.

"ಇನ್ನೊಂದು ಸಲ ಹೇಳಿ" ಎಂದಳು.

ನಾನು ದೀಪದ ಬೆಳಕು ಮುಖಕ್ಕೆ ಬೀಳುವ ಹಾಗೆ ಕುರ್ಚಿ ಸರಿಸಿಕೊಂಡು, ಇನ್ನೊಂದು ಸಲ ಹೇಳಿದೆ.